ಮನೆಯೊಳಗೆ ಚೇಳು: ಯಾವುದಕ್ಕೆ ಹೆದರಬೇಕು, ಯಾವ ಫಾರ್ವರ್ಡ್ ನಂಬಬಾರದು?

ಮಳೆಗಾಲ ಶುರುವಾಯಿತೆಂದರೆ ಬಡಾವಣೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊಗಳು ಓಡಾಡತೊಡಗುತ್ತವೆ. ಬಚ್ಚಲಿನ ಮೂಲೆಯಲ್ಲಿ ಚೇಳು, ಶೂ ಒಳಗೆ ಚೇಳು, ಪಾರ್ಕಿಂಗ್ ಜಾಗದಲ್ಲಿ ಬೆನ್ನ ತುಂಬ ಮರಿ ಹೊತ್ತ ಚೇಳು. ಫೋಟೊದ ಬೆನ್ನಿಗೇ ಸಲಹೆಗಳೂ ಬರುತ್ತವೆ. ಹುಣಸೆ ಬೀಜ ತೇದು ಅಂಟಿಸಿ, ಈರುಳ್ಳಿ ಉಜ್ಜಿ, ಸಿಲಿಸಿಯಾ ಹನಿ ಹಾಕಿ, ಮೇಲ್ಗಡೆ ಬಿಗಿಯಾಗಿ ದಾರ ಕಟ್ಟಿ. "ನಮ್ಮ ಮನೆಯಲ್ಲಿ ಹೀಗೆ ಮಾಡಿದೆವು, ನೋವು ಮಾಯ. ಎಲ್ಲರಿಗೂ ಕಳಿಸಿ" ಎಂಬ ಒಕ್ಕಣೆ ಕೊನೆಯಲ್ಲಿ ಇದ್ದೇ ಇರುತ್ತದೆ.

ಇದನ್ನು ಕಳಿಸಿದವರು ಸುಳ್ಳು ಹೇಳುತ್ತಿಲ್ಲ. ಅವರ ಮನೆಯಲ್ಲಿ ನೋವು ನಿಜವಾಗಿಯೂ ಹೋಗಿರಬಹುದು. ಆದರೆ ಅದು ಹೋದದ್ದು ಹುಣಸೆ ಬೀಜದಿಂದಲ್ಲ. ಈ ವ್ಯತ್ಯಾಸ ತಿಳಿಯದೆ ಹೋದರೆ, ನೂರು ಮನೆಗಳಲ್ಲಿ ಏನೂ ತೊಂದರೆ ಮಾಡದ ಅದೇ ಸಲಹೆ ನೂರಾ ಒಂದನೆಯ ಮನೆಯಲ್ಲಿ ಒಂದು ಮಗುವಿನ ಜೀವಕ್ಕೆ ಕುತ್ತು ತರಬಹುದು.

ಸಂಕ್ಷಿಪ್ತವಾಗಿ ಹೇಳುವುದಾದರೆ:

• ಹೆಚ್ಚಿನ ಚೇಳುಗಳ ಕುಟುಕು ನೋವು ಕೊಡುತ್ತದೆ, ಜೀವ ತೆಗೆಯುವುದಿಲ್ಲ. ನೋವು ಕೆಲವು ಗಂಟೆಗಳಿಂದ ಒಂದು ದಿನದೊಳಗೆ ತಾನಾಗಿಯೇ ಇಳಿಯುತ್ತದೆ.
• ನಮ್ಮಲ್ಲಿ ಹೆಚ್ಚು ಅಪಾಯಕಾರಿಯಾದದ್ದು ದೊಡ್ಡ ಕರಿ ಚೇಳಲ್ಲ, ಚಿಕ್ಕ ಕೆಂಪು ಚೇಳು.
• ಮೈಯೆಲ್ಲ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಕ್ಕಳಿಗೆ ಕುಟುಕಿದರೆ ಲಕ್ಷಣಕ್ಕೆ ಕಾಯದೆ ಹೋಗಬೇಕು.
• ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅದನ್ನು ಕಂಡುಹಿಡಿದದ್ದು ನಮ್ಮ ನೆರೆರಾಜ್ಯದ ಒಬ್ಬ ವೈದ್ಯರು.

ಚೇಳು ಊರೊಳಗೆ ಯಾಕೆ ಬರುತ್ತದೆ?

ಚೇಳು ಕೀಟವಲ್ಲ. ಕೀಟಗಳಿಗೆ ಆರು ಕಾಲು, ಚೇಳಿಗೆ ಎಂಟು. ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ ಜೀವಿ ಇದು. ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಬಗೆಯ ಚೇಳುಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವುಗಳಲ್ಲಿ ಮನುಷ್ಯರ ಜೀವಕ್ಕೆ ಅಪಾಯ ತರಬಲ್ಲವು ಕೆಲವೇ ಹತ್ತುಗಳಷ್ಟು.

ಚೇಳು ಹಗಲಲ್ಲಿ ಇಕ್ಕಟ್ಟಾದ, ಕತ್ತಲಾದ, ಮೈಗೆ ತಾಗುವಂಥ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಹೊರಬಂದು ಜಿರಳೆ, ಮಿಡತೆ, ಜೇಡಗಳನ್ನು ಹಿಡಿದು ತಿನ್ನುತ್ತದೆ. ಅದಕ್ಕೆ ಬೇಕಾದದ್ದು ಎರಡೇ: ಅಡಗಲು ಸಂದಿ, ತಿನ್ನಲು ಹುಳು. ನಮ್ಮ ಪಟ್ಟಣಗಳಲ್ಲಿ ಎರಡಕ್ಕೂ ಬರವಿಲ್ಲ.

ಹೊಸ ಬಡಾವಣೆಗಳು ಏಳುವುದು ಬಹುಪಾಲು ಹಳೆಯ ಹೊಲ, ಬಂಡೆ, ಕುರುಚಲು ಕಾಡಿನ ಜಾಗದಲ್ಲಿ. ಅಲ್ಲಿ ಚೇಳು ಮೊದಲಿನಿಂದಲೂ ಇತ್ತು. ಬಂದವರು ನಾವು. ಮನೆ ಕಟ್ಟುವಾಗ ಸೈಟಿನಲ್ಲಿ ಸುರಿದ ಸೈಜುಗಲ್ಲು, ಇಟ್ಟಿಗೆ, ಸೆಂಟ್ರಿಂಗ್ ಹಲಗೆಗಳ ರಾಶಿ ಅದಕ್ಕೆ ಹೇಳಿ ಮಾಡಿಸಿದ ಬಿಡಾರ. ಗಾರೆ ಮಾಡದ ಕಲ್ಲಿನ ಕಾಂಪೌಂಡು, ಹೆಂಚಿನ ಮಾಡು, ಸೌದೆ ರಾಶಿ, ಒಣಗಿಸಿಟ್ಟ ಬೆರಣಿ, ಗುಜರಿ ಸಾಮಾನು ಕೂಡ ಹಾಗೆಯೇ. ಬೀದಿದೀಪ, ವರಾಂಡದ ದೀಪಕ್ಕೆ ಹುಳುಗಳು ಮುತ್ತುತ್ತವೆ. ಹುಳುಗಳ ಹಿಂದೆ ಚೇಳು ಬರುತ್ತದೆ. ಜೋರು ಮಳೆಗೆ ಬಿಲದೊಳಗೆ ನೀರು ನುಗ್ಗಿದಾಗ ಒಣಜಾಗ ಹುಡುಕಿಕೊಂಡು ಮನೆಯೊಳಗೂ ಬರುತ್ತದೆ.

ಇದು ನಮ್ಮೂರುಗಳಿಗೆ ಮಾತ್ರ ಇರುವ ಕಾಟವಲ್ಲ. ಬ್ರೆಜಿಲ್ ದೇಶದಲ್ಲಿ ಹಳದಿ ಚೇಳು ದೊಡ್ಡ ದೊಡ್ಡ ನಗರಗಳ ಒಳಚರಂಡಿಗಳಲ್ಲೇ ನೆಲೆಯೂರಿದೆ. ಅಲ್ಲಿನ ಜಿರಳೆಗಳೇ ಅದಕ್ಕೆ ಆಹಾರ. ಆ ಚೇಳಿನ ಹೆಣ್ಣು ಗಂಡಿನ ನೆರವಿಲ್ಲದೆಯೂ ಮರಿ ಹಾಕಬಲ್ಲದು. ಹಾಗಾಗಿ ಸರಕಿನ ಜೊತೆ ಒಂದೇ ಒಂದು ಚೇಳು ಹೊಸ ಊರಿಗೆ ಹೋದರೂ ಸಂತತಿ ಬೆಳೆಯುತ್ತದೆ. ಬ್ರೆಜಿಲ್‌ನಲ್ಲಿ ಈಗ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಚೇಳು ಕುಟುಕಿನ ಪ್ರಕರಣಗಳು ದಾಖಲಾಗುತ್ತಿವೆ. ಅಲ್ಲಿಂದ ನಾವು ಕಲಿಯಬಹುದಾದ ಪಾಠ ಸರಳ: ಊರಿನಲ್ಲಿ ಕಸ, ಜಿರಳೆ, ಮುಚ್ಚಳವಿಲ್ಲದ ಮೋರಿ ಹೆಚ್ಚಿದಷ್ಟೂ ಚೇಳಿಗೆ ಅನುಕೂಲ.

ಕರಿ ಚೇಳೋ, ಕೆಂಪು ಚೇಳೋ?

ನಮ್ಮಲ್ಲಿ ಜನ ಹೆಚ್ಚು ಹೆದರುವುದು ಕರಿ ಚೇಳಿಗೆ. ಅಂಗೈ ಅಗಲದ ಕಪ್ಪು ಮೈ, ಏಡಿಯ ಕೊಂಬಿನಂಥ ದಪ್ಪ ಇಕ್ಕಳ, ನೋಡಿದರೇ ಎದೆ ಝಲ್ಲೆನ್ನುತ್ತದೆ. ದಕ್ಷಿಣ ಭಾರತದಲ್ಲಿರುವ ದೈತ್ಯ ಕರಿ ಚೇಳು ಬಾಲ ಸೇರಿ 20 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಜಗತ್ತಿನ ಅತಿ ದೊಡ್ಡ ಚೇಳುಗಳಲ್ಲಿ ಅದೂ ಒಂದು. ಆದರೆ ಈ ಗುಂಪಿನ ಚೇಳುಗಳ ವಿಷ ಮನುಷ್ಯರ ಮಟ್ಟಿಗೆ ಹೆಚ್ಚು ಬಲವಾದದ್ದಲ್ಲ. ಕುಟುಕಿದ ಜಾಗದಲ್ಲಿ ನೋವು, ಊತ, ಉರಿ ಇರುತ್ತದೆ. ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ.

ನಿಜಕ್ಕೂ ಹುಷಾರಾಗಿರಬೇಕಾದದ್ದು ಭಾರತದ ಕೆಂಪು ಚೇಳಿನ ವಿಷಯದಲ್ಲಿ. ವಿಜ್ಞಾನಿಗಳು ಇದನ್ನು ಹೊಟೆಂಟೋಟಾ ಟ್ಯಾಮ್ಯುಲಸ್ ಎನ್ನುತ್ತಾರೆ. ಉದ್ದ 5ರಿಂದ 9 ಸೆಂಟಿಮೀಟರ್, ಅಂದರೆ ಹೆಚ್ಚೆಂದರೆ ಒಂದು ಬೆರಳಿನಷ್ಟು. ಬಣ್ಣ ಕಿತ್ತಳೆಗೆಂಪಿನಿಂದ ಕಂದಿನವರೆಗೆ, ಕಾಲುಗಳು ತುಸು ತಿಳಿ. ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ, ತಮಿಳುನಾಡು ಸೇರಿ ದೇಶದ ಬಹುಭಾಗದಲ್ಲಿ ಇದು ಸಿಗುತ್ತದೆ. ಜಗತ್ತಿನ ಅತ್ಯಂತ ಅಪಾಯಕಾರಿ ಚೇಳುಗಳ ಸಾಲಿನಲ್ಲಿ ಇದರ ಹೆಸರಿದೆ.

ಗುರುತಿಸಲು ಒಂದು ಸ್ಥೂಲ ಲೆಕ್ಕ ಇದೆ. ಮುಂದಿನ ಇಕ್ಕಳ ದಪ್ಪಗಿದ್ದು ಬಾಲ ತೆಳ್ಳಗಿದ್ದರೆ, ಆ ಚೇಳು ಬೇಟೆಯನ್ನು ಇಕ್ಕಳದ ಬಲದಿಂದಲೇ ಹಿಡಿದು ಮುರಿಯುತ್ತದೆ. ವಿಷ ಹೆಚ್ಚಾಗಿ ಸೌಮ್ಯ. ಇಕ್ಕಳ ತೆಳ್ಳಗಿದ್ದು ಬಾಲ ದಪ್ಪಗಿದ್ದರೆ, ಅದು ವಿಷವನ್ನೇ ನಂಬಿಕೊಂಡ ಚೇಳು. ಆದರೆ ಇದು ಸಾಮಾನ್ಯ ಲೆಕ್ಕ ಮಾತ್ರ. ಇದಕ್ಕೆ ಅಪವಾದಗಳಿವೆ. ಕುಟುಕಿದ ಮೇಲೆ ಕತ್ತಲಲ್ಲಿ, ಗಾಬರಿಯಲ್ಲಿ ಬಣ್ಣ, ದಪ್ಪ ನೋಡಿ "ಇದು ಸಾದಾ ಚೇಳು ಬಿಡಿ" ಎಂದು ತೀರ್ಮಾನಿಸುವುದು ಸರಿಯಲ್ಲ. ನೋಡಬೇಕಾದದ್ದು ಕುಟುಕಿಸಿಕೊಂಡವರ ಮೈಯಲ್ಲಿ ಕಾಣುವ ಲಕ್ಷಣಗಳನ್ನು.

ಕುಟುಕಿದಾಗ ಮೈಯೊಳಗೆ ಏನಾಗುತ್ತದೆ?

"ಚೇಳು ಕಚ್ಚಿತು" ಎನ್ನುತ್ತೇವಾದರೂ ಅದು ಕಚ್ಚುವುದಿಲ್ಲ. ಬಾಲದ ತುದಿಯ ಕೊಂಡಿಯಿಂದ ಚುಚ್ಚುತ್ತದೆ. ಡಾಕ್ಟರು ಇಂಜೆಕ್ಷನ್ ಕೊಡುವಂತೆ ವಿಷ ಚರ್ಮದ ಕೆಳಗೆ ಇಳಿದು ಅಲ್ಲಿಂದ ಬೇಗನೆ ರಕ್ತಕ್ಕೆ ಸೇರುತ್ತದೆ.

ನಮ್ಮ ನರಗಳಲ್ಲಿ ಸಂದೇಶ ಸಾಗುವುದು ಸೂಕ್ಷ್ಮವಾದ ಬಾಗಿಲುಗಳು ತೆರೆದು ಮುಚ್ಚುವುದರಿಂದ. ಸೋಡಿಯಂ, ಪೊಟ್ಯಾಸಿಯಂ ಕಣಗಳು ಈ ಬಾಗಿಲುಗಳ ಮೂಲಕ ಓಡಾಡುತ್ತವೆ. ಕೆಂಪು ಚೇಳಿನ ವಿಷ ಇದೇ ಬಾಗಿಲುಗಳನ್ನು ಕೆಡಿಸುತ್ತದೆ. ಮುಚ್ಚಬೇಕಾದ ಬಾಗಿಲು ಮುಚ್ಚುವುದಿಲ್ಲ, ನರಗಳು ಬಿಡುವಿಲ್ಲದೆ ಸಂದೇಶ ಕಳಿಸುತ್ತಲೇ ಇರುತ್ತವೆ. ಮೊದಲಿಗೆ ವಾಂತಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ನೀರಿಳಿಯುವಂತೆ ಬೆವರು. ಆಮೇಲೆ ಅಡ್ರಿನಲಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ. ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈಕಾಲು ಮಂಜಿನಂತೆ ತಣ್ಣಗಾಗುತ್ತವೆ. ಹೃದಯ ಈ ಹೊರೆ ತಾಳದೆ ಸೋತಾಗ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಸಾವು ಬರುವುದು ಹೆಚ್ಚಾಗಿ ಈ ದಾರಿಯಲ್ಲಿ.

ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ನೋವು ಕಡಿಮೆ ಇದ್ದರೆ ವಿಷ ಕಡಿಮೆ ಎಂದು ಜನ ಅಂದುಕೊಳ್ಳುತ್ತಾರೆ. ಕೆಂಪು ಚೇಳಿನ ವಿಷಯದಲ್ಲಿ ಇದು ತಲೆಕೆಳಗಾಗುವುದುಂಟು. ಕುಟುಕಿದ ಜಾಗದಲ್ಲಿ ತಡೆಯಲಾರದ ನೋವಿದ್ದು ಬೇರೆ ಯಾವ ಲಕ್ಷಣವೂ ಇಲ್ಲದವರು ಹೆಚ್ಚಾಗಿ ಅಪಾಯದಿಂದ ಪಾರಾಗುತ್ತಾರೆ. ನೋವು ಅಷ್ಟಾಗಿ ಇಲ್ಲದೆ ಬೆವರು, ವಾಂತಿ ಶುರುವಾದವರೇ ಗಂಭೀರ ಸ್ಥಿತಿಗೆ ಹೋಗಬಹುದು. ಆದ್ದರಿಂದ "ಮಗು ಈಗ ಅಳುತ್ತಿಲ್ಲ, ನೋವು ಇಳಿಯಿತು" ಎಂದು ಸಮಾಧಾನಪಡುವ ಮುನ್ನ ಅದರ ಕೈಕಾಲು ಮುಟ್ಟಿ ನೋಡಿ.

ಹುಣಸೆ ಬೀಜ 'ಕೆಲಸ ಮಾಡಿತು' ಎನ್ನಿಸುವುದು ಏಕೆ?

ಈಗ ಫಾರ್ವರ್ಡ್ ವಿಷಯಕ್ಕೆ ಬರೋಣ. ಹುಣಸೆ ಬೀಜವನ್ನು ಕಲ್ಲಿನ ಮೇಲೆ ನೀರು ಹಾಕಿ ತೇದು, ಬಿಳಿ ತಿರುಳು ಕಂಡ ಕೂಡಲೇ ಕುಟುಕಿದ ಜಾಗಕ್ಕೆ ಒತ್ತಿದರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. "ವಿಷ ಎಳೆದುಕೊಂಡ ಮೇಲೆ ತಾನಾಗಿ ಬೀಳುತ್ತದೆ" ಎಂಬುದು ನಂಬಿಕೆ. ಅಂಟಿಕೊಳ್ಳುವುದೂ ನಿಜ, ಬೀಳುವುದೂ ನಿಜ. ಆದರೆ ಅದಕ್ಕೆ ಕಾರಣ ಬೀಜದಲ್ಲೇ ಇರುವ ಅಂಟು. ಹುಣಸೆ ಬೀಜದ ತಿರುಳು ನೀರು ತಾಗಿದರೆ ಗೋಂದಿನಂತಾಗುತ್ತದೆ. ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಇದೇ ಪುಡಿ ಬಳಕೆಯಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಮರದ ತುಂಡುಗಳನ್ನು ಬೆಸೆಯಲು ಬಳಸುವುದೂ ಹುಣಸೆ ಬೀಜದ ಅಂಟನ್ನೇ. ತೇವ ಆರಿದ ಮೇಲೆ ಅಂಟು ಬಿಟ್ಟು ಬೀಜ ಬೀಳುತ್ತದೆ. ಚೇಳು ಕುಟುಕದ ಕೈಗೆ ಅಂಟಿಸಿ ನೋಡಿ, ಅಲ್ಲೂ ಹೀಗೆಯೇ ಆಗುತ್ತದೆ.

ಹಾಗಾದರೆ ನೋವು ಹೋದದ್ದು ಹೇಗೆ? ಹೆಚ್ಚಿನ ಚೇಳುಗಳ ಕುಟುಕಿನ ನೋವು ಮೊದಲ ಗಂಟೆಗಳಲ್ಲಿ ಜೋರಾಗಿದ್ದು ಆಮೇಲೆ ತಾನಾಗಿ ಇಳಿಯುತ್ತದೆ. ನೋವು ತಡೆಯಲಾಗದೆ ಔಷಧಿ ಹುಡುಕುವುದು ಅದು ಅತಿ ಹೆಚ್ಚಿದ್ದಾಗಲೇ. ಆ ಹೊತ್ತಿನಲ್ಲಿ ಏನೇ ಹಚ್ಚಿದರೂ ಮುಂದಿನ ನಡೆ ಇಳಿಮುಖವೇ. ಈರುಳ್ಳಿ ಹಚ್ಚಿದವರಿಗೆ ಈರುಳ್ಳಿಯಿಂದ, ಸುಣ್ಣ ಹಚ್ಚಿದವರಿಗೆ ಸುಣ್ಣದಿಂದ, ಮಂತ್ರ ಹಾಕಿಸಿದವರಿಗೆ ಮಂತ್ರದಿಂದ, ಹನಿ ಹಾಕಿದವರಿಗೆ ಹನಿಯಿಂದ ಗುಣವಾದಂತೆ ಕಾಣುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಇಷ್ಟೊಂದು ಮದ್ದುಗಳು ಒಂದೇ ಕಾಯಿಲೆಗೆ 'ಕೆಲಸ ಮಾಡುತ್ತವೆ' ಎಂದರೆ, ಕೆಲಸ ಮಾಡುತ್ತಿರುವುದು ಮದ್ದಲ್ಲ, ಕಾಲ ಎಂದೇ ಅರ್ಥ.

ಇನ್ನೂ ಒಂದು ಕಾರಣವಿದೆ. ಗುಣವಾದವರು ಮೆಸೇಜು ಬರೆಯುತ್ತಾರೆ. ಮನೆಮದ್ದು ಮಾಡುತ್ತ ಕೂತು ತಡವಾಗಿ ಮಗುವನ್ನು ಕಳೆದುಕೊಂಡವರು ಅಂಥ ಮೆಸೇಜು ಬರೆಯುವುದಿಲ್ಲ. ನಮ್ಮ ಫೋನಿಗೆ ಬರುವುದು ಗೆದ್ದ ಕತೆಗಳು ಮಾತ್ರ.

ಹುಣಸೆ ಬೀಜದಿಂದ ನೇರವಾಗಿ ಹಾನಿಯಿಲ್ಲ. ಹಾನಿ ಆಗುವುದು ಅದು ನುಂಗುವ ಸಮಯದಿಂದ. ಬೇರೆ ಕೆಲವು ಉಪಾಯಗಳಿಂದ ನೇರ ಹಾನಿಯೂ ಇದೆ. ಬಿಗಿಯಾಗಿ ದಾರ ಕಟ್ಟಿದರೆ ರಕ್ತಸಂಚಾರ ನಿಂತು ಕೈಕಾಲಿಗೇ ಕುತ್ತು. ಬ್ಲೇಡಿನಿಂದ ಕೊಯ್ದರೆ ನಂಜು. ಬಾಯಿಯಿಂದ ಹೀರಿದರೆ ವಿಷ ಬರುವುದಿಲ್ಲ, ಬಾಯಿಯ ರೋಗಾಣು ಗಾಯಕ್ಕೆ ಸೇರುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳಿಗೆ ನಿಂಬೆರಸ ಹಿಂಡಿ ನೊರೆ ಬರಿಸುವ ಹಳೆಯ ಪ್ರಯೋಗದಿಂದ ಚರ್ಮ ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಕರೆಂಟ್ ಶಾಕ್ ಇವುಗಳ ಬಗ್ಗೆ ಹೇಳುವುದೇ ಬೇಡ.

ಮಹಾಡ್‌ನ ವೈದ್ಯರು ಕಂಡದ್ದು

ಕೆಂಪು ಚೇಳಿಗೆ ಮದ್ದು ಸಿಕ್ಕಿದ್ದು ದೊಡ್ಡ ನಗರದ ಪ್ರಯೋಗಾಲಯದಲ್ಲಲ್ಲ. ಮಹಾರಾಷ್ಟ್ರದ ಕೊಂಕಣ ಸೀಮೆಯ ರಾಯಗಡ ಜಿಲ್ಲೆಯಲ್ಲಿ ಮಹಾಡ್ ಎಂಬ ಊರಿದೆ. ಅದರ ಹತ್ತಿರದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಯುವ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್, ಚೇಳು ಕುಟುಕಿದ ರೈತರು, ಮಕ್ಕಳು ಕಣ್ಣೆದುರೇ ಸಾಯುವುದನ್ನು ನೋಡಿದರು. ಆಗ ಕೊಡುತ್ತಿದ್ದ ಅಲರ್ಜಿ ಮದ್ದು, ಸ್ಟಿರಾಯ್ಡ್, ಅಟ್ರೊಪಿನ್ ಯಾವುದೂ ಕೈಹಿಡಿಯುತ್ತಿರಲಿಲ್ಲ. ಅವರು ರೋಗಿಗಳ ಪಕ್ಕದಲ್ಲೇ ಕೂತು ಗಂಟೆಗಂಟೆಗೂ ನಾಡಿ, ರಕ್ತದೊತ್ತಡ ಬರೆದಿಟ್ಟರು. ಸಾವಿಗೆ ಕಾರಣ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುವುದು ಎಂಬುದು ಈ ದಾಖಲೆಗಳಿಂದ ಸ್ಪಷ್ಟವಾಯಿತು.

ಬಿಗಿದ ರಕ್ತನಾಳಗಳನ್ನು ಸಡಿಲಿಸಿದರೆ ಹೃದಯದ ಹೊರೆ ಇಳಿಯಬೇಕಲ್ಲವೇ? ರಕ್ತದೊತ್ತಡಕ್ಕೆಂದು ಆಗಲೇ ಬಳಕೆಯಲ್ಲಿದ್ದ ಪ್ರಾಜೋಸಿನ್ ಎಂಬ ಮಾತ್ರೆ ಮಾಡುವುದು ಅದನ್ನೇ. ಅವರು ಅದನ್ನು ಬಳಸತೊಡಗಿದರು. ಫಲಿತಾಂಶ 1986ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಾಜೋಸಿನ್ ಬರುವ ಮುನ್ನ ಪಶ್ಚಿಮ ಭಾರತದಲ್ಲಿ ಶೇ 25ರಿಂದ 30ರಷ್ಟು ಇದ್ದ ಸಾವಿನ ಪ್ರಮಾಣ ಆಮೇಲೆ ಶೇ 1ಕ್ಕಿಂತ ಕೆಳಗೆ ಇಳಿಯಿತೆಂದು ಅವರ ಬರಹಗಳು ದಾಖಲಿಸಿವೆ. ಕೆಂಪು ಚೇಳಿಗೆಂದೇ ತಯಾರಾದ ಪ್ರತಿವಿಷವನ್ನು ಪ್ರಾಜೋಸಿನ್ ಜೊತೆ ಕೊಟ್ಟರೆ ರೋಗಿಗಳು ಇನ್ನೂ ಬೇಗ ಚೇತರಿಸಿಕೊಳ್ಳುತ್ತಾರೆ ಎಂದು 70 ರೋಗಿಗಳ ಮೇಲೆ ನಡೆದ ಅವರ ಪ್ರಯೋಗ 2011ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹುಣಸೆ ಬೀಜಕ್ಕೂ ಪ್ರಾಜೋಸಿನ್‌ಗೂ ಇರುವ ವ್ಯತ್ಯಾಸ ಇದು. ಒಂದರ ಬಗ್ಗೆ ಗುಣವಾದವರ ಕತೆ ಮಾತ್ರ ಇದೆ. ಇನ್ನೊಂದರ ಬಗ್ಗೆ ಬದುಕಿದವರ, ಸತ್ತವರ ಇಬ್ಬರ ಲೆಕ್ಕವೂ ಇದೆ.

ಹಾಗೆಂದು ಪ್ರಾಜೋಸಿನ್ ಮಾತ್ರೆ ತಂದಿಟ್ಟುಕೊಂಡು ಮನೆಯಲ್ಲೇ ನುಂಗಬೇಡಿ. ರಕ್ತದೊತ್ತಡ ಥಟ್ಟನೆ ಕುಸಿದು ತಲೆಸುತ್ತಿ ಬೀಳಬಹುದು. ಯಾರಿಗೆ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷ ಚೇಳಿಗೆ ಉಪಯೋಗಕ್ಕೆ ಬರುವುದಿಲ್ಲ ಎಂಬುದೂ ನೆನಪಿರಲಿ.

ಚೇಳು ಕುಟುಕಿದರೆ ಏನು ಮಾಡಬೇಕು?

1. ಕುಟುಕಿಸಿಕೊಂಡವರನ್ನು ಕೂರಿಸಿ, ಸಮಾಧಾನ ಹೇಳಿ. ಗಾಬರಿಯಿಂದಲೂ ಎದೆಬಡಿತ ಏರುತ್ತದೆ.
2. ಜಾಗವನ್ನು ಸೋಪು ನೀರಿನಿಂದ ತೊಳೆಯಿರಿ. ಉಂಗುರ, ಬಳೆ, ಕಾಲುಂಗುರ, ವಾಚು ತೆಗೆಯಿರಿ. ಊದಿಕೊಂಡ ಮೇಲೆ ತೆಗೆಯುವುದು ಕಷ್ಟ.
3. ಬಟ್ಟೆಯಲ್ಲಿ ಸುತ್ತಿದ ಐಸನ್ನು ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು.
4. ಕುಟುಕಿದ ಸಮಯ ಬರೆದಿಟ್ಟುಕೊಳ್ಳಿ. ಚೇಳು ಕಂಡರೆ ದೂರದಿಂದಲೇ ಒಂದು ಫೋಟೊ ತೆಗೆಯಿರಿ. ಅದನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕುಟುಕಿಸಿಕೊಳ್ಳುವುದು ಬೇಡ.
5. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಹೃದಯದ ತೊಂದರೆ ಇರುವವರಾದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ಮಕ್ಕಳ ಮೈ ಚಿಕ್ಕದು, ಅಷ್ಟೇ ವಿಷ ಅವರಿಗೆ ಹೆಚ್ಚಾಗುತ್ತದೆ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಯಾರಿಗೇ ಆಗಲಿ, ಈ ಕೆಳಗಿನ ಯಾವುದೇ ಒಂದು ಕಂಡರೂ ತಡಮಾಡಬೇಡಿ: ಬಟ್ಟೆ ಒದ್ದೆಯಾಗುವಷ್ಟು ಬೆವರು, ಮತ್ತೆ ಮತ್ತೆ ವಾಂತಿ, ಜೊಲ್ಲು ಸುರಿಯುವುದು, ಕೈಕಾಲು ತಣ್ಣಗಾಗುವುದು, ಎದೆಬಡಿತ ಏರುವುದು, ಕೆಮ್ಮು ಅಥವಾ ಏದುಸಿರು, ಬಾಯಲ್ಲಿ ನೊರೆ, ಮಂಪರು. ಗಂಡುಮಕ್ಕಳಲ್ಲಿ ಶಿಶ್ನ ನಿಮಿರಿ ಹಾಗೆಯೇ ಉಳಿಯುವುದೂ ವಿಷ ಮೈಗೇರಿದ್ದಕ್ಕೆ ಮುಖ್ಯವಾದ ಗುರುತು. ಮಕ್ಕಳು ನಾಚಿಕೆಯಿಂದ ಹೇಳುವುದಿಲ್ಲ, ಮನೆಯವರು ಡಾಕ್ಟರ ಮುಂದೆ ಹೇಳಲು ಸಂಕೋಚಪಡುತ್ತಾರೆ. ಸಂಕೋಚ ಬೇಡ, ಹೇಳಿ. ಚೇಳೋ ಇರುವೆಯೋ ಎಂಬ ಅನುಮಾನ ಇದ್ದಾಗ ಇದೊಂದೇ ಮಾತಿನಿಂದ ವೈದ್ಯರಿಗೆ ದಾರಿ ಸಿಗಬಹುದು. ರಾತ್ರಿ ಮಲಗಿದ್ದ ಮಗು ಇದ್ದಕ್ಕಿದ್ದಂತೆ ಚೀರಿ ಎದ್ದು, ಆಮೇಲೆ ಬೆವರಿ ವಾಂತಿ ಮಾಡಿದರೆ ಹಾಸಿಗೆ ಕೊಡವಿ ನೋಡಿ.

ಇನ್ನಷ್ಟು ಫಾರ್ವರ್ಡ್‌ಗಳು, ಅವುಗಳ ನಿಜ

ಹೇಳಿಕೆ: ಮರಿಗಳು ತಾಯಿಯ ಬೆನ್ನು ತಿಂದು ಹೊರಬರುತ್ತವೆ, ತಾಯಿ ಚೇಳು ಮಕ್ಕಳಿಗಾಗಿ ಪ್ರಾಣ ಬಿಡುತ್ತದೆ.
ವಾಸ್ತವ: ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಬಿಳಿ ಮರಿಗಳು ತಾಯಿಯ ಬೆನ್ನೇರಿ ಕೂರುತ್ತವೆ. ಮೊದಲ ಸಲ ಪೊರೆ ಕಳಚಿ ಮೈ ಗಟ್ಟಿಯಾಗುವವರೆಗೆ ಅಲ್ಲೇ ಇದ್ದು, ಆಮೇಲೆ ಇಳಿದು ಹೋಗುತ್ತವೆ. ಅವು ತಾಯಿಯನ್ನು ತಿನ್ನುವುದಿಲ್ಲ. ತಾಯಿ ಬದುಕಿದ್ದು ಮತ್ತೆ ಮರಿ ಹಾಕಬಲ್ಲದು. 'ತಾಯಿಯ ತ್ಯಾಗ' ಎಂದು ಹಿನ್ನೆಲೆ ಸಂಗೀತದೊಡನೆ ಬರುವ ವಿಡಿಯೊದಲ್ಲಿ ಕಾಣುವುದು ಈ ಸಾಗಾಟವೇ.

ಹೇಳಿಕೆ: ಸುತ್ತ ಬೆಂಕಿ ಹಾಕಿದರೆ ಚೇಳು ತನ್ನನ್ನೇ ಕುಟುಕಿಕೊಂಡು ಸಾಯುತ್ತದೆ.
ವಾಸ್ತವ: ಇದನ್ನು ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಆಲ್ಫ್ರೆಡ್ ಗಿಬ್ಸ್ ಬೋರ್ನ್ 1880ರ ದಶಕದಲ್ಲೇ ಪರೀಕ್ಷಿಸಿ, 1887ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಚೇಳಿನ ವಿಷ ಅದೇ ಚೇಳನ್ನು ಕೊಲ್ಲುವುದಿಲ್ಲ ಎಂಬುದು ಅವರು ಕಂಡದ್ದು. ಬೆಂಕಿಯ ಝಳಕ್ಕೆ ಮೈ ಸೆಟೆದು ಬಾಲ ಬೆನ್ನಿನ ಮೇಲೆ ಬಡಿಯುತ್ತದೆ, ಸಾಯುವುದು ಶಾಖದಿಂದ. ಇದೇ ಬೋರ್ನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅಂದರೆ ಈ ಫಾರ್ವರ್ಡ್‌ಗೆ ಉತ್ತರ ಸಿಕ್ಕಿ ನೂರು ವರ್ಷ ದಾಟಿದೆ.

ಹೇಳಿಕೆ: ಚೇಳಿನ ವಿಷ ಲೀಟರಿಗೆ ಕೋಟಿಗಟ್ಟಲೆ. ದೊಡ್ಡ ಕರಿ ಚೇಳು ಹಿಡಿದು ಕೊಟ್ಟರೆ ಲಕ್ಷಾಂತರ ರೂಪಾಯಿ.
ವಾಸ್ತವ: ಒಂದು ಚೇಳಿನಿಂದ ಒಮ್ಮೆಗೆ ಸಿಗುವ ವಿಷ ಒಂದು ಹನಿಗಿಂತಲೂ ಕಡಿಮೆ. ಲೀಟರ್ ಲೆಕ್ಕದಲ್ಲಿ ಅದನ್ನು ಯಾರೂ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಸಂಶೋಧಕರಿಗೆ ಬೇಕಾಗುವುದು ವಿಷದಿಂದ ಬೇರ್ಪಡಿಸಿದ ಶುದ್ಧ ಅಂಶ, ಅದೂ ಅತಿ ಕಡಿಮೆ ಪ್ರಮಾಣದಲ್ಲಿ. ನಮ್ಮ ಕೆಂಪು ಚೇಳಿನ ವಿಷದಿಂದ 1990ರಲ್ಲಿ ಬೇರ್ಪಡಿಸಿದ ಐಬೀರಿಯೊಟಾಕ್ಸಿನ್ ಎಂಬ ಅಂಶ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅದನ್ನು ಈಗ ಕೃತಕವಾಗಿಯೇ ತಯಾರಿಸುತ್ತಾರೆ. ಚೇಳು ಕೊಳ್ಳುತ್ತೇವೆಂದು ಮುಂಗಡ ಹಣ, ನೋಂದಣಿ ಶುಲ್ಕ ಕೇಳುವವರು ಬಂದರೆ ಅದು ವಂಚನೆ ಎಂದೇ ತಿಳಿಯಿರಿ.

ಹೇಳಿಕೆ: ಕೋಳಿ ಸಾಕಿದರೆ ಚೇಳು ಬರುವುದಿಲ್ಲ.
ವಾಸ್ತವ: ಎದುರಿಗೆ ಸಿಕ್ಕರೆ ಕೋಳಿ ಚೇಳನ್ನು ಕುಕ್ಕಿ ತಿನ್ನುತ್ತದೆ. ಆದರೆ ಚೇಳು ಹೊರಬರುವುದು ರಾತ್ರಿ, ಆಗ ಕೋಳಿ ನಿದ್ದೆಯಲ್ಲಿರುತ್ತದೆ. ಕೋಳಿಗೂಡಿನ ಕಸ, ಚೆಲ್ಲಿದ ಕಾಳಿಗೆ ಜಿರಳೆ ಸೇರಿಕೊಂಡರೆ ಚೇಳಿಗೆ ಊಟವೇ ಸಿಕ್ಕಂತಾಯಿತು.

ಹೇಳಿಕೆ: ನಾಗರ ಪಂಚಮಿಯ ದಿನ ಚೇಳು ಕುಟುಕುವುದಿಲ್ಲ.
ವಾಸ್ತವ: ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ಪಂಚಮಿಯ ದಿನ ಜನ ಚೇಳುಗಳನ್ನು ಪೂಜಿಸಿ ಕೈ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಆ ವಿಡಿಯೊಗಳು ಪ್ರತಿ ವರ್ಷ ಓಡಾಡುತ್ತವೆ. ಕೋಲಾರದ ಕೋಲಾರಮ್ಮ ದೇವಸ್ಥಾನದಲ್ಲಿ ಚೇಳಮ್ಮನ ಗುಡಿಯೇ ಇದೆ. ಚೇಳಿನೊಡನೆ ನಮ್ಮ ಜನರ ಭಯಭಕ್ತಿಯ ನಂಟು ಬಹಳ ಹಳೆಯದು. ಆ ನಂಬಿಕೆಯ ಗೌರವ ಅದಕ್ಕಿರಲಿ. ಆದರೆ ವಿಷ ತಯಾರಿಸಲು ಚೇಳಿಗೆ ಸಾಕಷ್ಟು ಶಕ್ತಿ ಬೇಕು, ಹಾಗಾಗಿ ಅದು ಒತ್ತಿದಾಗ, ತುಳಿದಾಗ, ಸಿಕ್ಕಿಹಾಕಿಕೊಂಡಾಗಲಷ್ಟೇ ಹೆಚ್ಚಾಗಿ ಕುಟುಕುತ್ತದೆ. ಮೆತ್ತಗೆ ಬಿಟ್ಟರೆ ಸುಮ್ಮನೆ ಹರಿದು ಹೋಗುವುದೂ ಉಂಟು. ಅದಕ್ಕೆ ತಿಥಿ ವಾರ ಗೊತ್ತಿಲ್ಲ. ವಿಡಿಯೊ ನೋಡಿ ಮಕ್ಕಳು ಹಿತ್ತಲ ಚೇಳಿಗೆ ಕೈಹಾಕದಂತೆ ನೋಡಿಕೊಳ್ಳಿ.

ಮನೆಗೆ ಬರದಂತೆ ತಡೆಯುವುದು ಹೇಗೆ?

ಔಷಧಿ ಸಿಂಪಡಿಸಿದರೆ ಸಾಕು ಎಂದುಕೊಳ್ಳಬೇಡಿ. ಚೇಳು ಹೆಚ್ಚಿನ ಕಾಲ ಸಂದಿಯೊಳಗೇ ಇರುವುದರಿಂದ ಔಷಧಿ ಅದಕ್ಕೆ ತಾಗುವುದು ಕಡಿಮೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಶಕ್ತಿಯೂ ಅದಕ್ಕಿದೆ. ಸಂದಿ ಮುಚ್ಚುವುದು, ಜಿರಳೆ ಕಡಿಮೆ ಮಾಡುವುದೇ ನಿಜವಾದ ದಾರಿ.

• ಗೋಡೆಗೆ ತಾಗಿದಂತೆ ಇಟ್ಟಿಗೆ, ಕಲ್ಲು, ಸೌದೆ, ಗುಜರಿ ಪೇರಿಸಬೇಡಿ. ಅನಿವಾರ್ಯವಾದರೆ ನೆಲದಿಂದ ಎತ್ತರದಲ್ಲಿಡಿ. ಎತ್ತುವಾಗ ದಪ್ಪ ಕೈಗವಸು ಹಾಕಿಕೊಳ್ಳಿ.
• ಗೋಡೆಯ ಬಿರುಕು, ಪೈಪು ಒಳಬರುವ ಜಾಗ, ಕಿಟಕಿ ಚೌಕಟ್ಟಿನ ಸಂದಿಗೆ ಸಿಮೆಂಟು ಮೆತ್ತಿಸಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ.
• ಬಚ್ಚಲಿನ, ಅಡುಗೆಮನೆಯ ನೀರು ಹೋಗುವ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ರಾತ್ರಿ ಮುಚ್ಚಿಡಿ.
• ಶೂ, ಹೆಲ್ಮೆಟ್, ಒಣಹಾಕಿದ ಬಟ್ಟೆ, ಶಾಲೆಯ ಬ್ಯಾಗು ಕೊಡವಿ ಬಳಸಿ. ನೆಲದಲ್ಲಿ ಮಲಗುವವರು ಹಾಸಿಗೆ ಕೊಡವಿ, ಗೋಡೆಯಿಂದ ಸ್ವಲ್ಪ ದೂರ ಹಾಸಿಕೊಳ್ಳಿ. ಸೊಳ್ಳೆ ಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿದರೆ ಚೇಳಿಗೂ ತಡೆ.
• ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ.
• ಚೇಳಿನ ಮೈ ನೇರಳಾತೀತ ಬೆಳಕಿಗೆ ಹಸಿರುನೀಲಿಯಾಗಿ ಹೊಳೆಯುತ್ತದೆ. ನೋಟು ಪರೀಕ್ಷಿಸಲು ಬಳಸುವಂಥ ಯುವಿ ಟಾರ್ಚ್ ಹಿಡಿದು ರಾತ್ರಿ ದೀಪ ಆರಿಸಿ ಮೂಲೆಗಳನ್ನು ನೋಡಿದರೆ ಅಡಗಿರುವ ಚೇಳು ಕಾಣಸಿಗುತ್ತದೆ. ಆಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಹೊಳೆಯುವುದಿಲ್ಲ. ಟಾರ್ಚಿನ ಬೆಳಕು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.
• ಕಂಡ ಚೇಳನ್ನು ಸಾಗಹಾಕಲು ಮೇಲಿಂದ ಗಾಜಿನ ಬಾಟಲಿ ಬೋರಲು ಹಾಕಿ, ಅಡಿಗೆ ಗಟ್ಟಿ ರಟ್ಟು ತೂರಿಸಿ ಎತ್ತಬಹುದು. ನಯವಾದ ಗಾಜನ್ನ ಚೇಳು ಹತ್ತಲಾರದು. ಸತ್ತಂತೆ ಕಂಡರೂ ಬರಿಗೈಯಲ್ಲಿ ಮುಟ್ಟಬೇಡಿ.

ಚೇಳಿನ ಬಗ್ಗೆ ಏನನ್ನಾದರೂ ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇಷ್ಟು ಕಳಿಸಿ: "ಚೇಳು ಕುಟುಕಿದ ಮೇಲೆ ಬೆವರು, ವಾಂತಿ, ತಣ್ಣನೆ ಕೈಕಾಲು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ. ಮಕ್ಕಳಿಗಾದರೆ ಕಾಯಲೇಬೇಡಿ. ಇದಕ್ಕೆ ಚಿಕಿತ್ಸೆ ಇದೆ."